ಏಳು ತುಂಡಿನ ಫ್ಲೈ ರಾಡ್ ಆರ್ಡರ್ ಮಾಡುವ ಮೊದಲು ನನ್ನ ಪಾಡು ಕೇಳಿ

ಫ್ಲೈ ಫಿಶಿಂಗಿಗೆ, ಅಂದರೆ ನೂಲು, ಗರಿ ಸುತ್ತಿದ ಹಗುರ ಕೊಕ್ಕೆ (ಅದೇ ಫ್ಲೈ) ಬೀಸಿ ಮೀನು ಹಿಡಿಯಲಿಕ್ಕೆ, ಕಡಿಮೆ ಬೆಲೆಗೆ ಸಿಗುವ, ಬಿಚ್ಚಿ ಒಯ್ಯುವ ಏಳು ತುಂಡಿನ ಟ್ರಾವೆಲ್ ರಾಡ್ ಮೇಲೆ ಕಣ್ಣು ಬಿದ್ದಿದೆಯಾ? ಸ್ವಲ್ಪ ತಡೆಯಿರಿ. ನಾನು ಕಳೆದ ವರ್ಷ ಒಂದು ತರಿಸಿದೆ. 4,200 ರೂಪಾಯಿ. ಅದು ಹೊಳೆ ಕಂಡದ್ದು ಒಂದೇ ಒಂದು ಬೆಳಗ್ಗೆ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕ ಕಡೆ. ಅಡಿಕೆ ತೋಟ ಇದೆ, ಓಡಾಡಲಿಕ್ಕೆ ಸ್ಕೂಟರ್ ಇದೆ. ಗಾಳ ಹಾಕುವುದು ಚಿಕ್ಕಂದಿನಿಂದ ಅಭ್ಯಾಸ. ಫ್ಲೈ ಫಿಶಿಂಗ್ ಹುಚ್ಚು ಹಿಡಿಸಿದ್ದು ಭಾವ. ಅವರ ಹತ್ತಿರ 9 ಅಡಿಯ ಎರಡು ತುಂಡಿನ ರಾಡ್ ಇದೆ. ಬಿಚ್ಚಿದರೂ ಒಂದೊಂದು ತುಂಡು ನಾಲ್ಕೂವರೆ ಅಡಿ. ಅದನ್ನು ಹಿಡಿದುಕೊಂಡು ಕುಂಬಳೆ ಬಸ್ ಹತ್ತಿದವರಿಗೇ ಗೊತ್ತು ಆ ಕಷ್ಟ. ಮಡಿಲಲ್ಲಿ ಅಡ್ಡ ಇಟ್ಟರೆ ಪಕ್ಕದವರಿಗೆ ತಾಗುತ್ತದೆ, ನಿಲ್ಲಿಸಿದರೆ ಬಸ್ಸಿನ ಮೇಲಿನ ಕಂಬಿಗೆ ಬಡಿಯುತ್ತದೆ. ಸ್ಕೂಟರಿನಲ್ಲಂತೂ ಕೇಳುವುದೇ ಬೇಡ. ತುಂಡು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಮಾರುವವನಿಗೆ ಅಷ್ಟೇ ಸಾಕಾಯಿತು. ಫೋನಿನಲ್ಲಿ, "ನಾಲ್ಕು ತುಂಡಿನದ್ದು ಯಾಕೆ ಸರ್? ಏಳು ತುಂಡಿನದ್ದು ತಗೊಳ್ಳಿ, ವಿಮಾನದಲ್ಲಿ ಕೈಚೀಲದೊಳಗೇ ಹೋಗ್ತದೆ" ಅಂದ. ಅದೇನೂ ಸುಳ್ಳಲ್ಲ. 9 ಅಡಿ ಅಂದರೆ 274 ಸೆಂಟಿಮೀಟರ್. ಏಳು ಮಾಡಿದರೆ, ಒಂದರೊಳಗೊಂದು ಕೂರುವ ಭಾಗವೂ ಸೇರಿ, ಒಂದು ತುಂಡು 40 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಆದರೆ ನಾನು ವಿಮಾನ ಹತ್ತಿದ್ದು ಇಷ್ಟು ವರ್ಷದಲ್ಲಿ ಎರಡೇ ಸಲ. ಎರಡು ಸಲವೂ ಮೀನು ಹಿಡಿಯಲಿಕ್ಕೆ ಹೋದದ್ದಲ್ಲ!

ಪಾರ್ಸೆಲ್ ಬಂದ ದಿನ ಮನೆಯಲ್ಲಿ ಅಡಿಕೆ ಕೊಯ್ಲು ನಡೆಯುತ್ತಿತ್ತು. ಅಂಗಳದಲ್ಲೇ ಕೂತು ಜೋಡಿಸಿದೆ. ನಮ್ಮಲ್ಲಿಗೆ ಕೊಯ್ಲಿಗೆ ಬರುವವರು ಕಾರ್ಬನ್ ದೋಟಿಯವರು, ಅಂದರೆ ಕಾರ್ಬನ್ ಕೊಳವೆಗಳ ಉದ್ದ ಕೋಲಿನಲ್ಲಿ ನೆಲದಿಂದಲೇ ಅಡಿಕೆ ಕೊಯ್ಯುವವರು. ಚಹಾ ಕುಡಿಯುತ್ತಾ ಹತ್ತಿರ ಬಂದು ರಾಡನ್ನು ಕೈಗೆ ತೆಗೆದುಕೊಂಡರು. ನಡುವಿನ ಒಂದು ಜಾಯಿಂಟಿನ ಮೇಲೆ ಬೆರಳಿಟ್ಟು, ಕೋಲನ್ನು ಮೆಲ್ಲಗೆ ಅಲ್ಲಾಡಿಸಿದರು. ಟಿಕ್. ಇನ್ನೊಮ್ಮೆ ಅಲ್ಲಾಡಿಸಿದರು. ಟಿಕ್. "ಅಣ್ಣಾ, ಇದು ಕೂತದ್ದಲ್ಲ. ಸುಮ್ನೆ ನಿಂತದ್ದು" ಅಂದರು. ದಿನವಿಡೀ ಕಾರ್ಬನ್ ಕೊಳವೆ ಹಿಡಿದು ಕೆಲಸ ಮಾಡುವವರ ಮಾತು. ನಾನು ಏನು ಹೇಳಿದೆ ಗೊತ್ತಾ? "ಹೊಸದಲ್ವಾ, ಬಳಸಿದ ಹಾಗೆ ಸರಿಯಾಗ್ತದೆ." ಆಗುವುದು ಉಲ್ಟಾ ಅಂತ ಆಮೇಲೆ ತಿಳಿಯಿತು. ಬಳಸಿದ ಹಾಗೆ ಜಾಯಿಂಟ್ ಸವೆಯುತ್ತದೆ.

ಮಾರನೆಯ ಭಾನುವಾರ ಶಿರಿಯ ಅಳಿವೆಗೆ ಹೋದೆ. ನೀರು ಇಳಿಯುವ ಹೊತ್ತು. ಮರಳಿನಲ್ಲಿ ಮಂಡಿಯೂರಿ ಆರು ಜಾಯಿಂಟ್ ಜೋಡಿಸಿದೆ. (ಇದು ನನ್ನ ತಪ್ಪು, ಆಮೇಲೆ ಹೇಳುತ್ತೇನೆ.) ಇಪ್ಪತ್ತು ನಿಮಿಷ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಸಲ ಮುಂದಕ್ಕೆ ಬೀಸಿದಾಗ ಕೈ ಒಮ್ಮೆಗೇ ಹಗುರಾಯಿತು. ನೋಡಿದರೆ ಮೇಲಿನ ಮೂರು ತುಂಡು ಗಾಳಿಯಲ್ಲಿ ಹೋಗುತ್ತಿವೆ! ಲೈನ್, ಅಂದರೆ ಗಾಳದ ದಾರ, ರಾಡಿನ ರಿಂಗುಗಳ ಒಳಗೆ ಹಾದಿದ್ದರಿಂದ ಅವು ಕಳೆದುಹೋಗಲಿಲ್ಲ. ತೋರಣದ ಹಾಗೆ ಲೈನಿನಲ್ಲೇ ಜಾರಿ, ನೀರಿಗೆ ಬಿದ್ದು, ಫ್ಲೈ ಹತ್ತಿರ ಹೋಗಿ ನಿಂತವು. ಆಚೆ ಬದಿಯಲ್ಲಿ ಬಿದಿರು ಕೋಲು ಹಿಡಿದು ಕೂತಿದ್ದ ಹುಡುಗರು ನಕ್ಕದ್ದು ಈಗಲೂ ಕಿವಿಯಲ್ಲಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ರಾಡ್ ಉಳಿಯುತ್ತಿತ್ತು. ಎಳೆದು ತಂದು, ಒತ್ತಿ ಜೋಡಿಸಿ, ಮತ್ತೆ ಬೀಸಿದೆ. ಎಂಟೋ ಹತ್ತೋ ಸಲ ಬೀಸಿರಬೇಕು. ಒಣಗಿದ ಸೋಗೆ ಮುರಿದ ಹಾಗೆ ಸದ್ದಾಯಿತು. ಜಾಯಿಂಟಿನಲ್ಲಿ ಮೇಲಿನ ತುಂಡಿನ ಬಾಯಿ, ಅಂದರೆ ಕೆಳಗಿನ ತುಂಡು ಒಳಗೆ ಕೂರುವ ಕಡೆ, ಉದ್ದಕ್ಕೆ ಸೀಳಿತ್ತು.

ಯಾಕೆ ಹೀಗಾಗುತ್ತದೆ ಅಂದರೆ, ಫ್ಲೈಗೆ ಭಾರವೇ ಇಲ್ಲ. ನೂಲು, ಗರಿ ಸುತ್ತಿದ ಕೊಕ್ಕೆ ಅಷ್ಟೆ. ನಾವು ಎಸೆಯುವುದು ಲೈನಿನ ಭಾರವನ್ನು. ಅದಕ್ಕಾಗಿ ರಾಡನ್ನು ಹಿಂದೆ ಮುಂದೆ ನೂರಾರು ಸಲ ಬಗ್ಗಿಸುತ್ತೇವೆ. ಪ್ರತಿ ಬೀಸಿಗೂ ಜಾಯಿಂಟ್ ಚೂರು ಚೂರೇ ಸಡಿಲಾಗುತ್ತದೆ. ದೋಟಿಗಾದರೆ ಕ್ಲಿಪ್ ಇದೆ, ಬಿಗಿ ಮಾಡಬಹುದು. ಫ್ಲೈ ರಾಡಿಗೆ ಒಂದು ತುಂಡು ಇನ್ನೊಂದನ್ನು ಕಚ್ಚಿ ಹಿಡಿಯುವ ಬಿಗಿ ಒಂದೇ ಆಧಾರ. ಸಡಿಲಾದ ಮೇಲೂ ಬೀಸಿದರೆ ಇಡೀ ಬಾಗು ಬಂದು ಬೀಳುವುದು ಬಾಯಿಯ ಅಂಚಿಗೆ. ಕಾರ್ಬನ್ ಅಲ್ಲೇ ಸೀಳುತ್ತದೆ. ಎರಡು ತುಂಡಿನ ರಾಡಿಗೆ ಜಾಯಿಂಟ್ ಒಂದೇ, ನಾಲ್ಕು ತುಂಡಿನದ್ದಕ್ಕೆ ಮೂರು, ನನ್ನದಕ್ಕೆ ಆರು. ಆರನ್ನೂ ಸರಿಯಾಗಿ ಕೂರಿಸಿ ತಯಾರಿಸುವುದು ದುಬಾರಿ ಕೆಲಸ. 4,200ಕ್ಕೆ ಅದು ಆಗುವುದಿಲ್ಲ ಅಂತ ನನಗೇ ಹೊಳೆಯಬೇಕಿತ್ತು.

ಮಾರಿದವನಿಗೆ ಫೋಟೋ ಕಳಿಸಿದೆ. "ನೀವು ಸರಿಯಾಗಿ ಜೋಡಿಸಿಲ್ಲ, ವಾರಂಟಿ ಇಲ್ಲ" ಅಂದ. ಆಮೇಲೆ ದಯೆ ತೋರಿಸಿದ ಹಾಗೆ, 1,100 ಕೊಟ್ಟರೆ ಬೇರೆ ತುಂಡು ಕಳಿಸುತ್ತೇನೆ ಅಂದ. ಕೊಟ್ಟೆ. ಬಂತು. ಕೂರಲೇ ಇಲ್ಲ. ಎರಡು ಬೆರಳಷ್ಟು ಆಳಕ್ಕೆ ಸಲೀಸಾಗಿ ಜಾರಿ ಗಡಗಡ ಅಲ್ಲಾಡುತ್ತಿತ್ತು. ಒಂದು ರಾಡಿನ ತುಂಡುಗಳನ್ನು ಒಂದಕ್ಕೊಂದು ಹೊಂದಿಸಿಯೇ ಮಾಡಿರುತ್ತಾರೆ. ಅದೇ ಮಾಡೆಲಿನ ಇನ್ನೊಂದು ರಾಡಿನ ತುಂಡು ತಂದರೂ ಕೂರುತ್ತದೆ ಅನ್ನುವ ಖಾತ್ರಿ ಇಲ್ಲ. ಒಟ್ಟು 5,300 ಹೊಳೆಗೆ ಹೋಯಿತು.

ಹಾಗಂತ ಎರಡು ತುಂಡಿನದ್ದೇ ದೇವರು ಅಂತ ನಾನು ಹೇಳುವುದಿಲ್ಲ. ಭಾವ ಹಾಗೆ ಹೇಳುತ್ತಾರೆ, ಅದು ಹಳೆ ಕಾಲದ ಮಾತು. ಬಿದಿರಿನ ರಾಡಿಗೆ ಲೋಹದ ಜಾಯಿಂಟ್ ಇರುತ್ತಿತ್ತು. ಜಾಯಿಂಟ್ ಜಾಸ್ತಿಯಾದಷ್ಟೂ ಭಾರ, ಅಲ್ಲಲ್ಲಿ ಬಗ್ಗದ ಜಾಗ. ಫೆನ್‌ವಿಕ್ ಕಂಪನಿ 1973ರಲ್ಲಿ ಗ್ರಾಫೈಟ್ (ಅಂದರೆ ಈ ಕಾರ್ಬನ್ನೇ) ರಾಡ್ ತಂದ ಮೇಲೆ ಕಾಲ ಬದಲಾಯಿತು. ಈಗಿನ ಒಳ್ಳೆಯ ನಾಲ್ಕು ತುಂಡಿನ ರಾಡಿಗೂ ಎರಡು ತುಂಡಿನದ್ದಕ್ಕೂ ಬೀಸುವಾಗ ನನ್ನ ಕೈಗಂತೂ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನು ಎರಡು ತುಂಡಿನದ್ದರ ತುದಿ ಮುರಿದರೆ ಅರ್ಧ ರಾಡೇ ಹೋಯಿತು. ಭಾವನ ಹಳೆಯ ರಾಡ್ ಹೋದದ್ದು ಹಾಗೆಯೇ, ಕಾರಿನ ಬಾಗಿಲಿಗೆ ಸಿಕ್ಕಿ. ಅದರ ವಿಷಯ ಅವರ ಎದುರು ಎತ್ತುವ ಹಾಗಿಲ್ಲ.

ಈಗ ನನ್ನ ಕೈಯಲ್ಲಿರುವುದು ನಾಲ್ಕು ತುಂಡಿನದ್ದು, ಸೆಕೆಂಡ್ ಹ್ಯಾಂಡ್. ಬಿಚ್ಚಿದರೆ ಸುಮಾರು 70 ಸೆಂಟಿಮೀಟರ್. ಸ್ಕೂಟರಿನ ಮುಂದೆ ಕಾಲ ಬಳಿ ಓರೆಯಾಗಿ ಕೂರುತ್ತದೆ. ಈ ಸಲ ಕೈಯಲ್ಲಿ ಹಿಡಿದು ನೋಡಿಯೇ ತೆಗೆದುಕೊಂಡೆ. ಪ್ರತಿ ಜಾಯಿಂಟ್ ಮೇಲೆ ಬೆರಳಿಟ್ಟು ಅಲ್ಲಾಡಿಸಿದೆ. ಟಿಕ್ ಅಂದರೆ ಬೇಡ. ತುಂಡು ಒಳಗೆ ಹೋಗುತ್ತಾ ಹೋಗುತ್ತಾ ಬಿಗಿಯಾಗಬೇಕು. ಕೊನೆಯವರೆಗೆ ಸಲೀಸಾಗಿ ಜಾರಿ, ಏನಕ್ಕೋ ತಾಗಿ ನಿಂತರೆ ಅದೂ ಬೇಡ. ಬಾಯಿಯ ಸುತ್ತ ನೂಲಿನ ಕಟ್ಟು ಗಟ್ಟಿ ಇದೆಯಾ, ಕೂದಲೆಳೆಯಷ್ಟು ಬಿರುಕಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿದೆ. ಕೊಡುವವರು ಸ್ವಲ್ಪ ಬೇಸರ ಮಾಡಿಕೊಂಡರು. ಮಾಡಿಕೊಳ್ಳಲಿ.

ನನ್ನ ತಪ್ಪಿನ ವಿಷಯ ಹೇಳುತ್ತೇನೆ ಅಂದಿದ್ದೆ. ಮರಳಿನಲ್ಲಿ ಕೂತು ಜೋಡಿಸಬೇಡಿ. ಒಂದು ಕಾಳು ಒಳಗೆ ಸೇರಿದರೂ ಜಾಯಿಂಟ್ ಪೂರ್ತಿ ಕೂರುವುದಿಲ್ಲ, ಒಳಗೆಲ್ಲ ಗೀರು ಬೇರೆ. ನಾನು ಈಗ ರಸ್ತೆ ಬದಿಯಲ್ಲೇ, ಬಟ್ಟೆಯಲ್ಲಿ ಒರೆಸಿ, ರಿಂಗುಗಳನ್ನು ಸ್ವಲ್ಪ ಓರೆಯಾಗಿ ಹಿಡಿದು, ಒತ್ತುತ್ತಾ ತಿರುಗಿಸಿ ನೇರ ಮಾಡುತ್ತೇನೆ. ಅಪರೂಪಕ್ಕೆ ಚೂರು ಮೇಣದ ಬತ್ತಿ ಉಜ್ಜುತ್ತೇನೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಎಲ್ಲ ಜಾಯಿಂಟ್ ಮುಟ್ಟಿ ನೋಡುತ್ತೇನೆ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಚೀಲ.

ಇನ್ನೊಂದು ಮಾತು ಮರೆತಿದ್ದೆ. ರಸ್ತೆ ಬದಿಯಲ್ಲಿ ಜೋಡಿಸುವವರು ಮೊದಲು ತಲೆ ಎತ್ತಿ ನೋಡಿ. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ದೋಟಿ ಹಿಡಿಯುವವರಿಗೆ ಅದನ್ನು ಹೇಳಬೇಕಾಗಿಲ್ಲ. ರಾಡ್ ಹಿಡಿಯುವ ನಮಗೆ ಮಾತ್ರ ಯಾಕೋ ನೆನಪಿರುವುದಿಲ್ಲ. ಮೇಲೆ ಕರೆಂಟಿನ ತಂತಿ ಇದ್ದರೆ ಅದನ್ನು ದಾಟಿ ಹೋಗಿ ಜೋಡಿಸಿ, ವಾಪಸ್ ಬರುವಾಗ ಅದರ ಕೆಳಗೆ ಬರುವ ಮೊದಲೇ ಬಿಚ್ಚಿ.