ಪೇಪರ್‌ಲೆಸ್-ಎನ್‌ಜಿಎಕ್ಸ್: ವಕೀಲರ ಆಫೀಸಿನ ಆಸ್ತಿ ಪತ್ರಗಳಿಗೆ ಒಗ್ಗುತ್ತಾ?

ಒಗ್ಗುತ್ತದೆ. ಸ್ಕ್ಯಾನ್ ಮಾಡಿದ ಕಾಗದಗಳನ್ನು ಜೋಡಿಸಿಟ್ಟು ಹುಡುಕಿಕೊಡೋ ಸಾಫ್ಟ್‌ವೇರ್ ಇದು, ದುಡ್ಡೂ ಕೊಡಬೇಕಿಲ್ಲ. ಆದರೆ ಹಾಕಿದ ದಿನವೇ ಸ್ಕ್ಯಾನ್ ಮಾಡಿ ತುಂಬೋಕೆ ಕೂತುಬಿಟ್ಟರೆ ಆರು ತಿಂಗಳಿಗೆ ತಲೆನೋವು ಗ್ಯಾರಂಟಿ. ಯಾವ ವಿಂಗಡಣೆ ಬೇಕು, ಯಾವ ಫೀಲ್ಡ್ (ಮಾಹಿತಿ ಬರೆಯೋ ಖಾನೆ) ಬೇಕು ಅನ್ನೋದನ್ನು ಮೊದಲು ಒಂದು ಹಾಳೆ ಮೇಲೆ ಬರೆದುಕೊಳ್ಳಿ. ನಾನು ಇಲ್ಲಿ ಬರೆಯೋದೂ ಮುಕ್ಕಾಲು ಪಾಲು ಅದರ ಬಗ್ಗೆಯೇ. ಡಾರ್ಕ್ ಮೋಡ್ ಹೇಗಿದೆ, ಮೊಬೈಲಲ್ಲಿ ಹೇಗೆ ಕಾಣುತ್ತದೆ ಅನ್ನೋದು ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ.

ನಮ್ಮದು ತಾಲ್ಲೂಕು ಕೇಂದ್ರದ ವಕೀಲರ ಆಫೀಸು, ನಾನು ಅಲ್ಲಿನ ಗುಮಾಸ್ತ. ಸಿವಿಲ್ ದಾವೆಗಳೂ ಇವೆ. ಆದರೆ ದಿನನಿತ್ಯದ ಕೆಲಸ ಆಸ್ತಿ ಪತ್ರಗಳ ಪರಿಶೀಲನೆ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಪಹಣಿ, ಮ್ಯುಟೇಶನ್, ಇಸಿ (ಋಣಭಾರ ಪತ್ರ), ಪೋಡಿ ಸ್ಕೆಚ್ (ಜಮೀನು ಭಾಗ ಮಾಡಿದ ನಕ್ಷೆ), ಕಂದಾಯದ ರಸೀದಿ, ಹೀಗೆ. ಮುಂಚೆ ಸ್ಕ್ಯಾನರ್ ಜೊತೆಗೆ ಬಂದಿದ್ದ ಒಂದು ಸಾಫ್ಟ್‌ವೇರ್ ಇತ್ತು. ಅದರಲ್ಲಿ ಫೋಲ್ಡರ್ ಒಳಗೆ ಫೋಲ್ಡರ್: ಹೋಬಳಿ, ಅದರೊಳಗೆ ಗ್ರಾಮ, ಅದರೊಳಗೆ ಕಕ್ಷಿದಾರರ ಹೆಸರು. ಒಂದೇ ವಿಭಾಗಪತ್ರದಲ್ಲಿ ಮೂರು ಊರಿನ ಜಮೀನು ಬಂದರೆ ಯಾವುದಕ್ಕೆ ಹಾಕೋದು? ಮೂರಕ್ಕೂ ಕಾಪಿ ಹಾಕುತ್ತಿದ್ದೆವು. ಆಮೇಲೆ ಪುಟ ಸರಿಯಾಗಿ ಬಂದಿಲ್ಲ ಅಂತ ಮತ್ತೆ ಸ್ಕ್ಯಾನ್ ಮಾಡಿದರೆ ಒಂದು ಕಾಪಿ ಹೊಸದು, ಎರಡು ಹಳೇದು.

ಪೇಪರ್‌ಲೆಸ್ ಮೊದಲು ಒಬ್ಬರೇ ಬರೆದ ಸಣ್ಣ ಯೋಜನೆಯಾಗಿತ್ತು. ಅದು ಪೇಪರ್‌ಲೆಸ್-ಎನ್‌ಜಿ ಆಯಿತು. 2022ರಿಂದ ಒಂದು ಗುಂಪು ಸೇರಿ ಎನ್‌ಜಿಎಕ್ಸ್ ಹೆಸರಲ್ಲಿ ಮುಂದುವರಿಸಿದೆ. ಓಪನ್ ಸೋರ್ಸ್. ನಮ್ಮ ಆಫೀಸಿನ ಹಳೇ ಡೆಸ್ಕ್‌ಟಾಪಿನಲ್ಲಿ ಡಾಕರ್ ಅನ್ನೋ ತಂತ್ರಾಂಶ ಹಾಕಿ ಅದರೊಳಗೆ ಓಡಿಸುತ್ತಿದ್ದೇವೆ. ಸ್ಕ್ಯಾನರಿನಿಂದ ಬಂದ ಪಿಡಿಎಫ್ ಒಂದು ಫೋಲ್ಡರಿಗೆ ಬೀಳುತ್ತದೆ. ಪೇಪರ್‌ಲೆಸ್ ಅದನ್ನು ಎತ್ತಿಕೊಂಡು ಓಸಿಆರ್ ಮಾಡಿ (ಅಂದರೆ ಚಿತ್ರದಲ್ಲಿರೋ ಅಕ್ಷರಗಳನ್ನು ಓದಿ) ಒಳಗೆ ಇಟ್ಟುಕೊಳ್ಳುತ್ತದೆ.

ಇದರಲ್ಲಿ ಫೋಲ್ಡರ್ ನಾವು ಮಾಡೋದಲ್ಲ. ಇದು ತಲೆಗೆ ಹತ್ತೋಕೆ ಸ್ವಲ್ಪ ದಿನ ಬೇಕು. ಪ್ರತಿ ದಾಖಲೆಗೆ ಒಬ್ಬ ಕರೆಸ್ಪಾಂಡೆಂಟ್ (ನಮ್ಮಲ್ಲಿ ಕಕ್ಷಿದಾರ), ಒಂದು ಡಾಕ್ಯುಮೆಂಟ್ ಟೈಪ್, ಒಂದು ಸ್ಟೋರೇಜ್ ಪಾತ್. ಟ್ಯಾಗ್ ಮಾತ್ರ ಎಷ್ಟು ಬೇಕಾದರೂ ಹಾಕಬಹುದು. ಸ್ಟೋರೇಜ್ ಪಾತ್ ಅಂದರೆ ಒಂದು ಅಚ್ಚು. 'ವರ್ಷ, ಕಕ್ಷಿದಾರ, ಟೈಪ್' ಅಂತ ಬರೆದಿಟ್ಟರೆ ಡಿಸ್ಕಿನಲ್ಲಿ ಆ ಕ್ರಮದಲ್ಲಿ ಫೋಲ್ಡರ್‌ಗಳು ತಾವೇ ಹುಟ್ಟುತ್ತವೆ. ಅಚ್ಚನ್ನು ತಿದ್ದಿದರೆ ಅದರ ಕೆಳಗಿರೋ ಫೈಲುಗಳು ತಾವೇ ಜಾಗ ಬದಲಿಸಿಕೊಳ್ಳುತ್ತವೆ. ಆದರೆ ಸೆಟ್ಟಿಂಗ್ ಫೈಲಿನಲ್ಲಿ ಇಡೀ ವ್ಯವಸ್ಥೆಗೆ ಅಂತ ಕೊಟ್ಟ ಅಚ್ಚನ್ನು ಬದಲಿಸಿದರೆ ಮಾತ್ರ ಫೈಲುಗಳ ಜಾಗ ಬದಲಿಸೋ ರಿನೇಮರ್ ಕಮಾಂಡನ್ನು ಕೈಯಾರೆ ಓಡಿಸಬೇಕು. ಆ ಫೋಲ್ಡರಿನೊಳಗೆ ನೀವಾಗಿ ಹೋಗಿ ಫೈಲು ಎತ್ತಿ ಇಡಬೇಡಿ. ಡೇಟಾಬೇಸಿಗೆ ಅದು ಗೊತ್ತಾಗುವುದಿಲ್ಲ, ದಾಖಲೆ ಕಾಣೆ ಅನ್ನುತ್ತದೆ.

ಅಚ್ಚನ್ನು ಆದಷ್ಟು ಸರಳವಾಗಿ ಇಡಿ. ಹೇಗೂ ಹುಡುಕೋದು ಫೋಲ್ಡರಿನಲ್ಲಿ ಅಲ್ಲವಲ್ಲ. ಈಚಿನ ಆವೃತ್ತಿಗಳಲ್ಲಿ ಕಸ್ಟಮ್ ಫೀಲ್ಡನ್ನೂ (ನಾವೇ ಮಾಡಿಕೊಳ್ಳೋ ಫೀಲ್ಡ್) ಅಚ್ಚಿಗೆ ಸೇರಿಸಬಹುದು. ಸೇರಿಸಬೇಕು ಅಂತೇನೂ ಇಲ್ಲ. ಸರ್ವೆ ನಂಬರಿನಲ್ಲಿ ಓರೆಗೆರೆ ಇರುತ್ತದೆ, ಫೈಲಿನ ಹೆಸರಿಗೆ ಅದು ಒಗ್ಗುವುದಿಲ್ಲ. 45/2 ಅನ್ನೋದು ಡಿಸ್ಕಿನಲ್ಲಿ 45-2 ಆಗಿ ಕೂರುತ್ತದೆ. ಯಾರಾದರೂ 45ರಿಂದ 2ರವರೆಗೆ ಅಂತ ಓದಿಕೊಂಡರೆ ಕಷ್ಟ.

ಟೈಪ್ ವಿಷಯದಲ್ಲಿ ನಮ್ಮ ನಿಯಮ ಒಂದೇ. 'ಇದು ಯಾವ ಕಾಗದ?' ಅನ್ನೋ ಪ್ರಶ್ನೆಗೆ ಮಾತ್ರ ಅದು ಉತ್ತರ ಕೊಡಬೇಕು. ಕ್ರಯಪತ್ರ ಅಂದರೆ ಕ್ರಯಪತ್ರ. 'ಕ್ರಯಪತ್ರ ಅಸಲು', 'ಕ್ರಯಪತ್ರ ನಕಲು', 'ಕ್ರಯಪತ್ರ ಹಳೇದು' ಅಂತ ಒಡೆಯುತ್ತಾ ಹೋದರೆ ಪಟ್ಟಿಗೆ ಕೊನೆಯೇ ಇರೋದಿಲ್ಲ. ಟ್ಯಾಗನ್ನು ಕೆಲಸದ ಸ್ಥಿತಿಗೆ ಮಾತ್ರ ಬಿಟ್ಟಿದ್ದೇವೆ: ನೋಡಬೇಕು, ಪುಟ ಕಾಣೆ, ಅಭಿಪ್ರಾಯ ಕೊಟ್ಟಾಗಿದೆ. ಊರಿನ ಹೆಸರನ್ನೂ ಟ್ಯಾಗ್ ಮಾಡೋಣ ಅಂತ ಆಸೆ ಆಗುತ್ತದೆ, ಬಣ್ಣ ಬಣ್ಣವಾಗಿ ಚೆಂದ ಕಾಣುತ್ತದಲ್ಲ! ಬೇಡ. ಹೋಬಳಿ ತುಂಬ ಊರುಗಳಿರುತ್ತವೆ. ಟ್ಯಾಗ್ ಒಳಗೆ ಟ್ಯಾಗ್ ಮಾಡುವ ಸೌಲಭ್ಯ 2025ರಲ್ಲಿ ಬಂದಿದೆ. ಹಾಗಂತ ಹಳೇ ಫೋಲ್ಡರ್ ಚಾಳಿಯನ್ನು ಇಲ್ಲಿಗೂ ತರಬೇಕಾಗಿಲ್ಲ.

ಇನ್ನು ಫೀಲ್ಡುಗಳು. ಕಸ್ಟಮ್ ಫೀಲ್ಡ್ ಬಂದದ್ದು 2023ರ ಕೊನೆಗೆ, 2.0 ಆವೃತ್ತಿಯಲ್ಲಿ. ನಮ್ಮಂಥವರಿಗೆ ಪೇಪರ್‌ಲೆಸ್ ಉಪಯೋಗಕ್ಕೆ ಬಂದದ್ದೇ ಅಲ್ಲಿಂದ. ಯಾವ ಫೀಲ್ಡ್ ಇಡಬೇಕು ಅಂತ ತೀರ್ಮಾನಿಸೋಕೆ ಸಾಫ್ಟ್‌ವೇರ್ ನೋಡಬೇಡಿ, ಆಫೀಸಿಗೆ ಬರೋರು ಏನು ಕೇಳುತ್ತಾರೆ ಅಂತ ಕೇಳಿಸಿಕೊಳ್ಳಿ. 'ಸಾರ್, ನಲವತ್ತೈದರ ಎರಡು, ಅದರ ಪತ್ರ ನಿಮ್ಮ ಹತ್ರಾನೇ ಇದೆಯಲ್ವಾ?' ಇಷ್ಟೇ ಕೇಳೋದು. ಅದರಲ್ಲಿ ಎರಡು ಫೀಲ್ಡ್ ಇವೆ: ಸರ್ವೆ ನಂಬರ್, ಅಸಲು ಎಲ್ಲಿದೆ. ನಾವು ಕೊನೆಗೆ ಉಳಿಸಿಕೊಂಡದ್ದು ಗ್ರಾಮ, ಪತ್ರದ ಸರ್ವೆ ನಂಬರ್, ಈಗಿನ ಸರ್ವೆ ನಂಬರ್, ನೋಂದಣಿ ಸಂಖ್ಯೆ, ನೋಂದಣಿ ದಿನಾಂಕ, ಮೂಲ ಪತ್ರ, ಅಸಲು ಎಲ್ಲಿದೆ. ಕ್ರಯದ ಮೊಬಲಗು, ಚೆಕ್ಕುಬಂದಿ, ಸಾಕ್ಷಿಗಳ ಹೆಸರು ಎಲ್ಲ ಇಡೋಣ ಅಂತ ಮಾತಾಡಿದ್ದೆವು. ಅವನ್ನು ಟೈಪ್ ಮಾಡೋರು ಯಾರು? ಪತ್ರ ತೆರೆದರೆ ಕಾಣುತ್ತದೆ, ಸಾಕು.

ಫೀಲ್ಡ್ ಮಾಡುವಾಗ ಅದರ ಬಗೆ ಆರಿಸಬೇಕು: ಪಠ್ಯ, ಪೂರ್ಣಾಂಕ, ದಿನಾಂಕ, ಹಣ, ಆಯ್ಕೆ ಪಟ್ಟಿ, ದಾಖಲೆಯ ಕೊಂಡಿ, ಇತ್ಯಾದಿ. ಇಲ್ಲಿ ನಿಧಾನಿಸಿ. ಹೆಸರನ್ನು ಆಮೇಲೆ ಬದಲಿಸಬಹುದು, ಬಗೆಯನ್ನು ಬದಲಿಸೋಕೆ ಬರುವುದಿಲ್ಲ. 'ನಂಬರ್' ಅಂತ ಹೆಸರಿದ್ದ ಮಾತ್ರಕ್ಕೆ ಪೂರ್ಣಾಂಕ ಅಂತ ಒತ್ತಬೇಡಿ. ಸರ್ವೆ ನಂಬರಿನಲ್ಲಿ ಹಿಸ್ಸಾ (ಓರೆಗೆರೆ ಆದಮೇಲಿನ ಭಾಗದ ಸಂಖ್ಯೆ) ಇರುತ್ತದೆ, 45/2ಎ ಅಂತ ಅಕ್ಷರವೂ ಬರುತ್ತದೆ. ಸಾಲದ ಖಾತೆ ಸಂಖ್ಯೆಯಂತೂ ಪೂರ್ಣಾಂಕದಲ್ಲಿ ಕೂರುವುದೇ ಇಲ್ಲ. 214 ಕೋಟಿ ಚಿಲ್ಲರೆ ದಾಟಿದ ಸಂಖ್ಯೆಯನ್ನು ಅದು ಒಪ್ಪುವುದಿಲ್ಲ. ಸಂಖ್ಯೆಯ ಮೊದಲಿಗಿರೋ ಸೊನ್ನೆಗಳೂ ಹೋಗುತ್ತವೆ. ಕೂಡಿ ಕಳೆಯೋಕೆ ಇಲ್ಲದ್ದೆಲ್ಲ ಪಠ್ಯ ಅಂತಲೇ ಇಟ್ಟುಬಿಡಿ.

ಸರ್ವೆ ನಂಬರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಂದು ದಾಖಲೆಗೆ ಒಂದೇ ಫೀಲ್ಡನ್ನು ಎರಡು ಸಲ ಜೋಡಿಸೋಕೆ ಬರುವುದಿಲ್ಲ. ಪತ್ರದಲ್ಲಿ ನಾಲ್ಕು ನಂಬರ್ ಇದ್ದರೆ ನಾಲ್ಕನ್ನೂ ಒಂದೇ ಪಠ್ಯದಲ್ಲಿ ಬರೆಯಬೇಕು. ಬರೆದರೆ ಹುಡುಕುವಾಗ 45/2 ಅಂತ ಕೊಟ್ಟರೆ 145/2 ಕೂಡ ಬರುತ್ತದೆ, 45/20 ಕೂಡ ಬರುತ್ತದೆ. ಅದಕ್ಕೆ ನಾವು ಪ್ರತಿ ನಂಬರಿನ ಹಿಂದೆ ಮುಂದೆ ಅರ್ಧವಿರಾಮ ಹಾಕುತ್ತೇವೆ, ಹೀಗೆ: ;45/2;46/1;51; ಹುಡುಕುವಾಗಲೂ ;45/2; ಅಂತಲೇ ಕೊಡೋದು. ಬೇಕಾದ್ದು ಮಾತ್ರ ಬರುತ್ತದೆ. ನೋಡೋಕೆ ಚೆಂದ ಇಲ್ಲ, ಆದರೆ ಕೆಲಸ ಆಗುತ್ತದೆ. ಪಹಣಿ ಕೊಡೋ ಸರ್ಕಾರದ ಭೂಮಿ ತಂತ್ರಾಂಶದಲ್ಲಿ ನಂಬರಿಗೂ ಹಿಸ್ಸಾಕ್ಕೂ ನಡುವೆ ಬರೋ ನಕ್ಷತ್ರ ಚಿಹ್ನೆಯನ್ನು ಬಿಟ್ಟುಬಿಡುತ್ತೇವೆ. ಬರೆದರೆ ಎಲ್ಲರೂ ಬರೆಯಬೇಕು, ಬಿಟ್ಟರೆ ಎಲ್ಲರೂ ಬಿಡಬೇಕು. ಮಾಮೂಲಿ ಪಠ್ಯದ ಫೀಲ್ಡ್ 128 ಅಕ್ಷರ ಮಾತ್ರ ಹಿಡಿಯುತ್ತದೆ. ದೊಡ್ಡ ಕುಟುಂಬದ ವಿಭಾಗಪತ್ರಕ್ಕೆ ಅದು ಸಾಲದು. ಈಚಿನ ಆವೃತ್ತಿಗಳಲ್ಲಿ ಉದ್ದ ಪಠ್ಯಕ್ಕೆ ಬೇರೆ ಬಗೆ ಬಂದಿದೆ, ಹೊಸದಾಗಿ ಶುರು ಮಾಡೋರು ಅದನ್ನೇ ಆರಿಸಿಕೊಳ್ಳಿ.

ಒಂದೇ ನಂಬರಿಗೆ ಎರಡು ಫೀಲ್ಡ್ ಯಾಕೆ ಅಂತ ಕೇಳಬಹುದು. ಪೋಡಿ ಆದಮೇಲೆ, ಅಂದರೆ ಜಮೀನನ್ನು ಅಳೆದು ಭಾಗ ಮಾಡಿದ ಮೇಲೆ, ನಂಬರ್ ಬದಲಾಗುತ್ತದಲ್ಲ, ಅದಕ್ಕೆ. ಹಳೇ ಕ್ರಯಪತ್ರದಲ್ಲಿ ಬರೀ 45 ಅಂತ ಇರುತ್ತದೆ. ಇವತ್ತಿನ ಪಹಣಿಯಲ್ಲಿ ಅದೇ ಜಮೀನು 45/2. ಪತ್ರದಲ್ಲಿ ಇದ್ದದ್ದನ್ನೇ ಒಂದು ಫೀಲ್ಡಿಗೆ ಬರೆಯುತ್ತೇವೆ, ಅದನ್ನು ಮುಂದೆ ಯಾರೂ ಮುಟ್ಟುವ ಹಾಗಿಲ್ಲ. ಈಗಿನದು ಇನ್ನೊಂದು ಫೀಲ್ಡಿಗೆ. ಅದು ಇನ್ನೊಮ್ಮೆ ಪೋಡಿ ಆದರೆ ಬದಲಾಗುತ್ತದೆ. ಈ ಎರಡನ್ನು ಬೇರೆ ಮಾಡಿದ ಮೇಲೆ ನಮ್ಮ ಸಾಹೇಬರು ಹಳೇ ಪತ್ರಕ್ಕೆ ನನ್ನನ್ನು ಬೀರು ಜಾಲಾಡೋಕೆ ಕಳಿಸೋದು ಬಹುತೇಕ ನಿಂತಿದೆ.

ಗ್ರಾಮಕ್ಕೆ ಆಯ್ಕೆ ಪಟ್ಟಿಯೇ ಸರಿ. ಕೈಯಲ್ಲಿ ಟೈಪ್ ಮಾಡೋಕೆ ಬಿಟ್ಟರೆ ಒಬ್ಬರು ಹೊಸಹಳ್ಳಿ, ಇನ್ನೊಬ್ಬರು ಹೊಸಳ್ಳಿ, ಮತ್ತೊಬ್ಬರು ಇಂಗ್ಲಿಷಿನಲ್ಲಿ. ಹೊಸಹಳ್ಳಿಗಳೂ ಒಂದೆರಡಲ್ಲ, ಆದ್ದರಿಂದ ಹೋಬಳಿಯ ಹೆಸರನ್ನೂ ಜೊತೆಗೇ ಸೇರಿಸಿ ಒಂದೊಂದು ಆಯ್ಕೆ ಮಾಡಿ. ಪಟ್ಟಿಯನ್ನು ಕಂದಾಯ ಗ್ರಾಮಗಳಿಂದ ಮಾಡಿ, ಜನ ವಾಸ ಇರೋ ಊರುಗಳಿಂದ ಅಲ್ಲ. ಬೇಚರಾಕ್ ಗ್ರಾಮದಲ್ಲಿ ಒಂದು ಮನೆಯೂ ಇರೋದಿಲ್ಲ, ಸರ್ವೆ ನಂಬರ್ ಮಾತ್ರ ಇರುತ್ತವೆ. ಅವನ್ನು ಬಿಟ್ಟರೆ ಪಕ್ಕದ ಊರಿನ ಹೆಸರಲ್ಲಿ ಪತ್ರ ಹೋಗಿ ಕೂರುತ್ತದೆ.

ದಾಖಲೆಯ ಕೊಂಡಿ ಅನ್ನೋ ಬಗೆ ನನಗೆ ತುಂಬ ಹಿಡಿಸಿದ್ದು. ಮೂಲ ಪತ್ರ ಅನ್ನೋ ಫೀಲ್ಡಿನಲ್ಲಿ 2004ರ ಕ್ರಯಪತ್ರದಿಂದ 1987ರ ವಿಭಾಗಪತ್ರಕ್ಕೆ ಕೊಂಡಿ ಹಾಕಿದರೆ ಆ ಕಡೆಯಿಂದ ಈ ಕಡೆಗೂ ತಾನಾಗೇ ಕೊಂಡಿ ಬೀಳುತ್ತದೆ. ಆಸ್ತಿ ಯಾರಿಂದ ಯಾರಿಗೆ ಬಂತು ಅನ್ನೋದನ್ನು ಒಂದೊಂದೇ ಒತ್ತುತ್ತಾ ಹಿಂದಕ್ಕೆ ಹೋಗಬಹುದು. ಕೊರತೆ ಏನು ಅಂದರೆ, ಎರಡೂ ಕಡೆ ಒಂದೇ ಹೆಸರು. ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ದಿನಾಂಕ ನೋಡಿಯೇ ತಿಳಿಯಬೇಕು. ದಿನಾಂಕಕ್ಕೂ ಬೇರೆ ಫೀಲ್ಡ್ ಇಟ್ಟಿರೋದು ಅದಕ್ಕೇ. ಪೇಪರ್‌ಲೆಸ್ ತಾನಾಗಿ ಒಂದು ದಿನಾಂಕ ಊಹಿಸುತ್ತದೆ, ಆದರೆ ಅದು ಪುಟದಲ್ಲಿ ಮೊದಲು ಕಂಡ ದಿನಾಂಕ. ಛಾಪಾ ಕಾಗದ ಕೊಂಡ ದಿನವೇ ನೋಂದಣಿ ಆಗಿರಬೇಕು ಅಂತಿಲ್ಲವಲ್ಲ.

ತಾನಾಗಿ ವಿಂಗಡಿಸೋ ಸೌಲಭ್ಯದ ಬಗ್ಗೆ ಜನ ಬಹಳ ಹೊಗಳುತ್ತಾರೆ. ನಿಜವೇ, ಅಚ್ಚಾದ ಕಾಗದಗಳಿಗೆ. ನೀವು ಹಿಂದೆ ಹೇಗೆ ವಿಂಗಡಿಸಿದ್ದೀರಿ ಅಂತ ನೋಡಿ ಟೈಪ್, ಟ್ಯಾಗ್, ಕರೆಸ್ಪಾಂಡೆಂಟ್ ಎಲ್ಲ ಕಲಿತುಕೊಳ್ಳುತ್ತದೆ. ಹೊಸದಾಗಿ ಬಂದ ದಾಖಲೆಗೆ ತಾನಾಗಿ ಬೀಳೋ ಇನ್‌ಬಾಕ್ಸ್ ಟ್ಯಾಗ್ ಇನ್ನೂ ಇರೋ ದಾಖಲೆಗಳಿಂದ ಕಲಿಯುವುದಿಲ್ಲ. ಹಾಗಾಗಿ ಪರೀಕ್ಷಿಸಿದ ಮೇಲೆ ಆ ಟ್ಯಾಗ್ ತೆಗೆಯೋದನ್ನು ಮರೆಯಬೇಡಿ. ಕಂಪ್ಯೂಟರ್ ಪಹಣಿ, ಇಸಿ, ತೆರಿಗೆ ರಸೀದಿಗಳನ್ನು ಚೆನ್ನಾಗಿ ಗುರುತಿಸುತ್ತದೆ. ಭೂಮಿ ಯೋಜನೆ ಬರುವ ತನಕ, ಅಂದರೆ 2000ದ ಸುಮಾರಿನವರೆಗೆ, ಪಹಣಿ ಎಲ್ಲ ಕೈಬರಹದ್ದೇ. ಅಲ್ಲಿ ಇದರ ಆಟ ನಡೆಯುವುದಿಲ್ಲ. ಓಸಿಆರ್‌ಗೆ ಬಳಸೋದು ಟೆಸೆರಾಕ್ಟ್ ಅನ್ನೋ ತಂತ್ರಾಂಶ. ಕನ್ನಡ ಭಾಷೆಯನ್ನು ಸೆಟ್ಟಿಂಗಿನಲ್ಲಿ ಬೇರೆಯಾಗಿ ಸೇರಿಸಬೇಕು, ಕನ್ನಡ ಇಂಗ್ಲಿಷ್ ಎರಡನ್ನೂ ಕೊಡಬಹುದು. ಸ್ವಚ್ಛ ಅಚ್ಚು, 300 ಡಿಪಿಐ ಇದ್ದರೆ ಪರವಾಗಿಲ್ಲ, ಒತ್ತಕ್ಷರಗಳಲ್ಲಿ ಮುಗ್ಗರಿಸುತ್ತದೆ. ಕೈಬರಹ ಬಂದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಮತ್ತೆ, ಈ ಕಲಿಕೆ ಕಸ್ಟಮ್ ಫೀಲ್ಡುಗಳನ್ನು ತುಂಬುವುದಿಲ್ಲ. ಸರ್ವೆ ನಂಬರನ್ನು ಮನುಷ್ಯರೇ ಓದಿ ಟೈಪ್ ಮಾಡಬೇಕು.

ಕಡ್ಡಾಯ ಫೀಲ್ಡ್ ಅನ್ನೋದು ಇಲ್ಲದಿರೋದು ನನ್ನ ದೊಡ್ಡ ತಕರಾರು. ದೊಡ್ಡ ಕಂಪನಿಗಳು ಬಳಸೋ ದುಬಾರಿ ಸಾಫ್ಟ್‌ವೇರುಗಳಲ್ಲಿ ಫೀಲ್ಡ್ ಖಾಲಿ ಇದ್ದರೆ ಸೇವ್ ಆಗದ ಹಾಗೆ ಮಾಡಬಹುದು. ಇಂತಿಂಥ ರೂಪದಲ್ಲೇ ಬರೆಯಬೇಕು ಅಂತಲೂ ಕಟ್ಟುಮಾಡಬಹುದು. ಇಲ್ಲಿ ಎರಡೂ ಇಲ್ಲ, ಅರ್ಧವಿರಾಮ ಮರೆತರೆ ಕೇಳೋರಿಲ್ಲ. ನಾವು ಮಾಡಿಕೊಂಡ ಉಪಾಯ: ಟೈಪ್ ಕ್ರಯಪತ್ರ ಅಂತಾದ ಕೂಡಲೇ ಬೇಕಾದ ಫೀಲ್ಡುಗಳನ್ನು ಖಾಲಿಯಾಗಿ ಜೋಡಿಸೋ ಒಂದು ವರ್ಕ್‌ಫ್ಲೋ (ತಾನಾಗಿ ನಡೆಯೋ ನಿಯಮ). ಜೊತೆಗೆ 'ಸರ್ವೆ ನಂಬರ್ ಖಾಲಿ ಇರುವ ಪತ್ರಗಳು' ಅಂತ ಒಂದು ಸೇವ್ಡ್ ವ್ಯೂ (ಉಳಿಸಿಟ್ಟ ಹುಡುಕಾಟದ ಪಟ್ಟಿ), ಮುಖಪುಟದಲ್ಲೇ ಕಾಣೋ ಹಾಗೆ. ಶನಿವಾರ ಸಂಜೆ ಅದನ್ನು ಖಾಲಿ ಮಾಡಿಯೇ ಮನೆಗೆ ಹೋಗೋದು.

ಒಂದೇ ಫೈಲನ್ನು ಎರಡನೇ ಸಲ ಹಾಕಿದರೆ ಗುರುತು ಹಿಡಿಯುತ್ತದೆ. ಒಂದೇ ಕಾಗದವನ್ನು ಎರಡು ಸಲ ಸ್ಕ್ಯಾನ್ ಮಾಡಿದರೆ ಹಿಡಿಯುವುದಿಲ್ಲ, ಅದಕ್ಕೆ ಎರಡೂ ಬೇರೆ ಫೈಲು. ಅಸಲು ಕಾಗದಗಳಿಗೆ ಕ್ರಮಸಂಖ್ಯೆಯ ಬಾರ್‌ಕೋಡ್ ಚೀಟಿ ಅಂಟಿಸಿದರೆ ಸ್ಕ್ಯಾನ್ ಆಗುವಾಗ ಆ ಸಂಖ್ಯೆಯನ್ನು ತಾನೇ ಓದಿಕೊಳ್ಳುತ್ತದೆ. ಕಾಗದಗಳನ್ನು ಅದೇ ಕ್ರಮದಲ್ಲಿ ಪೆಟ್ಟಿಗೆಗೆ ಹಾಕಿದರಾಯಿತು, ಊರುವಾರು ಕಟ್ಟು ಕಟ್ಟೋ ಕೆಲಸ ಇಲ್ಲ.

ಹಾಕಿಸಿಕೊಳ್ಳೋ ಮುಂಚೆ ಎರಡು ವಿಷಯ ಗೊತ್ತಿರಲಿ. ಫೈಲುಗಳನ್ನು ಪೇಪರ್‌ಲೆಸ್ ಗೂಢಲಿಪಿಯಲ್ಲಿ ಇಡುವುದಿಲ್ಲ, ಡಿಸ್ಕ್ ಕೈಗೆ ಸಿಕ್ಕವರಿಗೆ ಕಕ್ಷಿದಾರರ ಆಧಾರ್ ಪ್ರತಿಯೂ ಸಿಗುತ್ತದೆ. ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿ, ಯಂತ್ರವನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಇನ್ನೊಂದು ಬ್ಯಾಕಪ್. ಬರೀ ಫೋಲ್ಡರ್ ಕಾಪಿ ಮಾಡಿದರೆ ಪಿಡಿಎಫ್‌ಗಳು ಉಳಿಯುತ್ತವೆ, ನೀವು ಕೂತು ತುಂಬಿದ ಫೀಲ್ಡುಗಳು ಉಳಿಯುವುದಿಲ್ಲ. ಎಕ್ಸ್‌ಪೋರ್ಟರ್ ಕಮಾಂಡ್ ಓಡಿಸಿದರೆ ಎರಡೂ ಒಟ್ಟಿಗೆ ಹೊರಗೆ ಬರುತ್ತವೆ. ನಾವು ಅದನ್ನು ದಿನಾ ರಾತ್ರಿ ಇನ್ನೊಂದು ಹಾರ್ಡ್ ಡಿಸ್ಕಿಗೆ ಹಾಕಿಸುತ್ತೇವೆ. ವರ್ಷಕ್ಕೊಮ್ಮೆಯಾದರೂ ಬೇರೆ ಯಂತ್ರದಲ್ಲಿ ಅದನ್ನು ಇಂಪೋರ್ಟ್ ಮಾಡಿ ಸರ್ವೆ ನಂಬರ್ ಹುಡುಕಿ ನೋಡಿ.