ಕೊನೇ ಬೆಂಚಿಗೂ ಕಾಣುವ ಫಾಂಟ್: ಜೆಟ್‌ಬ್ರೇನ್ಸ್ ಮೋನೋ ಬೋಲ್ಡ್

ಪೈಥಾನ್ ಪ್ರೋಗ್ರಾಮಿಂಗ್ ಲ್ಯಾಬ್ ಮಾಡುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಪ್ರೊಜೆಕ್ಟರ್ ಮಂಕಾಗಿದ್ದರೆ ಕೋಡ್ ಬರೆಯಲೆಂದೇ ಮಾಡಿದ ಈ ಫಾಂಟ್ ಹಾಕಿಕೊಳ್ಳಿ. ನಮ್ಮ ಲ್ಯಾಬಿನ ಕಿಟಕಿಗಳಿಗೆ ಪರದೆ ಇಲ್ಲ. ಮಧ್ಯಾಹ್ನದ ಬ್ಯಾಚಿನಲ್ಲಿ ತೆಳು ಗೆರೆಯ ಫಾಂಟ್ ಇದ್ದರೆ ಕೋಲನ್ ಯಾವುದು, ಸೆಮಿಕೋಲನ್ ಯಾವುದು ಎಂದು ಹಿಂದಿನವರಿಗೆ ಗೊತ್ತೇ ಆಗುವುದಿಲ್ಲ. ಬೋಲ್ಡ್‌ನಲ್ಲಿ ಚುಕ್ಕೆಗಳು ದಪ್ಪಗೆ, ಚೆನ್ನಾಗಿ ಕಾಣುತ್ತವೆ.

ಜೆಟ್‌ಬ್ರೇನ್ಸ್ ಕಂಪನಿ ಇದನ್ನು 2020ರಲ್ಲಿ ಬಿಟ್ಟಿತು. ಪೂರ್ತಿ ಉಚಿತ. ಥಿನ್‌ನಿಂದ ಎಕ್ಸ್‌ಟ್ರಾಬೋಲ್ಡ್‌ವರೆಗೆ 8 ತೂಕಗಳಿವೆ, ಅಂದರೆ ಗೆರೆಯ ದಪ್ಪದಲ್ಲಿ 8 ಬಗೆ. ನನಗೆ ಇಷ್ಟವಾದದ್ದು ಅಗಲದ ಲೆಕ್ಕ. ಫಾಂಟ್ ಸೈಜ್ 1000 ಎಂದುಕೊಂಡರೆ ಪ್ರತಿ ಅಕ್ಷರಕ್ಕೂ ಸಿಗುವ ಜಾಗ 600. ಥಿನ್ ಆದರೂ ಅಷ್ಟೇ, ಬೋಲ್ಡ್ ಆದರೂ ಅಷ್ಟೇ. ಹಾಗಾಗಿ ನಡುವೆ ಒಂದು ಪದವನ್ನು ಬೋಲ್ಡ್ ಮಾಡಿದರೂ ಸಾಲು ಪಕ್ಕಕ್ಕೆ ಸರಿಯುವುದಿಲ್ಲ. ಸೊನ್ನೆಯ ಹೊಟ್ಟೆಯೊಳಗೆ ಉದ್ದನೆಯ ಚುಕ್ಕೆ ಇದೆ, ಇಂಗ್ಲಿಷಿನ ‘ಓ’ಗೆ ಇಲ್ಲ. ಚಿಕ್ಕ ‘ಎಲ್’ಗೆ ಬಲಕ್ಕೆ ಬಾಗಿದ ಬಾಲ, ಒಂದಕ್ಕೆ ಕೆಳಗೆ ಅಡ್ಡ ಪಟ್ಟಿ. ಲ್ಯಾಬಿನ ಅರ್ಧ ತಕರಾರು ಇಲ್ಲೇ ಮುಗಿಯುತ್ತದೆ.

ಆದರೆ ಗೆರೆ ದಪ್ಪವಾದರೂ ಜಾಗ ಜಾಸ್ತಿಯಾಗುವುದಿಲ್ಲವಲ್ಲ, ಪಾಪ ಚಿಕ್ಕ ‘ಎಂ’ ಒದ್ದಾಡುತ್ತದೆ. ಮೂರು ಕಾಲು, ಒಂದೇ ಸೀಟು. ಪರದೆಯ ಮೇಲೆ ನಡೆಯುತ್ತದೆ, ಕಾಗದದ ಮೇಲೆ ಬೇಡ. ಲ್ಯಾಬ್ ಮ್ಯಾನ್ಯುಯಲ್ ಅನ್ನು ಚಿಕ್ಕ ಸೈಜಿನಲ್ಲಿ ಬೋಲ್ಡ್ ಮಾಡಿ ಜೆರಾಕ್ಸ್ ಹೊಡೆಸಿದರೆ ‘ಇ’, ‘ಎ’ಗಳ ಕಣ್ಣು ಮುಚ್ಚಿಹೋಗುತ್ತದೆ, 8 ಮತ್ತು ‘ಬಿ’ ಅಣ್ಣತಮ್ಮಂದಿರಾಗುತ್ತವೆ. ಪ್ರಿಂಟ್‌ಗೆ ರೆಗ್ಯುಲರ್ ಸಾಕು.

ಇನ್ನೊಂದು ಕಿರಿಕಿರಿ ಲಿಗೇಚರ್, ಅಂದರೆ ಪಕ್ಕಪಕ್ಕದ ಗುರುತುಗಳನ್ನು ಬೆಸೆದು ಒಂದೇ ಗುರುತಾಗಿ ತೋರಿಸುವುದು. ಆಶ್ಚರ್ಯಸೂಚಕದ ಪಕ್ಕ ಸಮಚಿಹ್ನೆ ಒತ್ತಿದರೆ ಎರಡೂ ಸೇರಿ ಗಣಿತದ ‘ಸಮವಲ್ಲ’ ಗುರುತಿನಂತೆ ಕಾಣುತ್ತದೆ. ನೋಡಲು ಚಂದ. ಹೊಸ ಬ್ಯಾಚಿನವರು ಮಾತ್ರ “ಮೇಡಂ, ಆ ಗುರುತು ಕೀಬೋರ್ಡ್‌ನಲ್ಲಿ ಎಲ್ಲಿದೆ?” ಎಂದು ಹುಡುಕುತ್ತಾ ಕೂರುತ್ತಾರೆ. ಅದಕ್ಕೇ ಲಿಗೇಚರ್ ಇಲ್ಲದ ‘ಎನ್‌ಎಲ್’ ಆವೃತ್ತಿ ಇದೆ. ಕಲಿಸುವವರು ಅದನ್ನೇ ಇಳಿಸಿಕೊಳ್ಳುವುದು ವಾಸಿ.

ಮತ್ತೆ, ಪೂರ್ತಿ ಕೋಡ್ ಬೋಲ್ಡ್ ಮಾಡಿದರೆ ಕೀವರ್ಡ್‌ಗಳನ್ನು (if, for ತರಹದ ಪದಗಳನ್ನು) ದಪ್ಪಗೆ ತೋರಿಸುವ ಥೀಮ್ ದಂಡ. ಎಲ್ಲವೂ ದಪ್ಪವೇ ಅಲ್ವಾ? ಬಣ್ಣದ ವ್ಯತ್ಯಾಸ ಜಾಸ್ತಿ ಇರುವ ಥೀಮ್ ಇಟ್ಟುಕೊಳ್ಳಿ. ಮನೆಯಲ್ಲಿ ನಾನು ಮೀಡಿಯಂ ಬಳಸುತ್ತೇನೆ. ರಾತ್ರಿ ಕಣ್ಣಿನ ಹತ್ತಿರ ಬೋಲ್ಡ್ ಇಟ್ಟುಕೊಂಡರೆ ಯಾರೋ ಜೋರಾಗಿ ಮಾತಾಡಿದಂತೆ ಆಗುತ್ತದೆ.

ಕನ್ನಡ ಇದರಲ್ಲಿ ಇಲ್ಲ. ಕೋಡ್ ನಡುವಿನ ಟಿಪ್ಪಣಿ, ಅಂದರೆ ಕಾಮೆಂಟ್, ಕನ್ನಡದಲ್ಲಿ ಬರೆದರೆ ಕಂಪ್ಯೂಟರ್ ಬೇರೆ ಫಾಂಟ್‌ನಿಂದ ಅಕ್ಷರ ತರುತ್ತದೆ, ವಿಂಡೋಸ್ ಆದರೆ ಸಾಮಾನ್ಯವಾಗಿ ನಿರ್ಮಲಾ. ಕಾಮೆಂಟ್‌ಗೆ ಪರವಾಗಿಲ್ಲ. ಕನ್ನಡ ಹೆಸರುಗಳ ಪಟ್ಟಿಯನ್ನು ಪೈಥಾನ್‌ನಿಂದ ಪರದೆಯ ಮೇಲೆ ಪ್ರಿಂಟ್ ಮಾಡಿಸಿದಾಗ ಮಾತ್ರ ಕಾಲಂಗಳು ಸೊಟ್ಟಗಾಗುತ್ತವೆ. ತಪ್ಪು ಫಾಂಟಿನದ್ದಷ್ಟೇ ಅಲ್ಲ. ‘ಕನ್ನಡ’ ಎಂಬುದರ ಉದ್ದ ಎಷ್ಟು ಎಂದು ಪೈಥಾನ್ ಅನ್ನು ಕೇಳಿದರೆ 5 ಎನ್ನುತ್ತದೆ, ಒತ್ತಕ್ಷರದೊಳಗಿನ ವಿರಾಮ ಚಿಹ್ನೆಯನ್ನೂ (್) ಎಣಿಸಿ. ನಮ್ಮ ಕಣ್ಣಿಗೆ ಕಾಣುವುದು 3. ಕಾಲಂ ಹೊಂದಿಸುವಾಗಲೂ ಅದು ಹಿಡಿಯುವುದು ಆ 5ರ ಲೆಕ್ಕವನ್ನೇ. ಸದ್ಯಕ್ಕೆ ಅಂಥ ಪಟ್ಟಿಗಳನ್ನು ನಾನು ಎಕ್ಸೆಲ್‌ನಲ್ಲೇ ಮಾಡಿಸುತ್ತೇನೆ.