ಸ್ಟೋನ್‌ಫ್ಲೈ ನಿಂಫ್ ಡಬ್ಬಿ: ತೂಕ ಭೇಷ್, ಅಂಟು ಕಡಿಮೆ

ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ ಮೂಡಿಗೆರೆಗೆ ತರಿಸಿದ ಡಬ್ಬಿ ಇದು. ಒಳಗೆ ಒಂದು ಡಜನ್ ಸ್ಟೋನ್‌ಫ್ಲೈ ನಿಂಫ್, ಅಂದರೆ ಸ್ಟೋನ್‌ಫ್ಲೈ ಎಂಬ ಕೀಟದ ನೀರಲ್ಲಿರುವ ಮರಿಯ ಹಾಗೆ ಕಾಣಲೆಂದು ಕೊಕ್ಕೆಗೆ ದಾರ ಸುತ್ತಿ ಮಾಡಿದ, ಮೀನು ಹಿಡಿಯುವ ನಕಲಿ ಹುಳ (ಫ್ಲೈ). ಕಾಫಿ ಬಣ್ಣದವು ಸ್ವಲ್ಪ, ಹಳದಿ ಸ್ವಲ್ಪ. ಕೊಕ್ಕೆ 8 ಮತ್ತು 10ನೇ ನಂಬರ್. ಹಿಮಾಚಲದ ತೀರ್ಥನ್ ನದಿಯ ಟ್ರೌಟ್ ಮೀನಿಗೆಂದೇ ತರಿಸಿದ್ದು. ನಮ್ಮ ಹೇಮಾವತಿಯಲ್ಲಿ ಟ್ರೌಟ್ ಇಲ್ಲ. ಆದರೆ ಅದು ತಿನ್ನುವಂಥ ಹುಳ ನಮ್ಮ ಹಳ್ಳಗಳಲ್ಲೂ ಇದೆ.

ತೋಟದ ಕೆಳಗಿನ ಹಳ್ಳದಲ್ಲಿ ಕಲ್ಲು ಮಗುಚಿದರೆ ಸಿಗುತ್ತದೆ. ಚಪ್ಪಟೆ ಮೈ, ಎರಡೇ ಬಾಲ, ಪಕ್ಕಕ್ಕೆ ಚಾಚಿದ ಕಾಲುಗಳು, ಕಾಲಿನ ಬುಡದಲ್ಲಿ ಕಿವಿರಿನ ಸಣ್ಣ ಕುಚ್ಚು. ನೀರು ಕೆಟ್ಟರೆ ಮೊದಲು ಕಾಣೆಯಾಗುವವುಗಳಲ್ಲಿ ಇದೂ ಒಂದು. ಒಂದನ್ನು ಬಿಳಿ ತಟ್ಟೆಗೆ ಹಾಕಿ, ಪಕ್ಕದಲ್ಲಿ ಡಬ್ಬಿಯ ಫ್ಲೈ ಇಟ್ಟು ನೋಡಿದೆ. ಬಾಲ ಸರಿಯಾಗಿದೆ. ರಬ್ಬರ್ ಕಾಲುಗಳು ನೀರಿನಲ್ಲಿ ಅಲ್ಲಾಡುವುದು ಬಹಳ ಚೆನ್ನಾಗಿದೆ. ಮೈ ಮಾತ್ರ ಗುಂಡಗೆ ಸುತ್ತಿದ್ದಾರೆ. ಎರಡೂ ಪಕ್ಕ ಸೀಸದ ತಂತಿ ಕೊಟ್ಟಿದ್ದರೆ ಚಪ್ಪಟೆಯಾಗಿ ಬರುತ್ತಿತ್ತು.

ತೀರ್ಥನ್‌ಗೆ ಹೋದಾಗ ಟ್ರೌಟ್ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ತೂಕವೇ ಮುಖ್ಯ. ಈ ಹುಳಗಳಿಗೆ ಈಜು ಅಷ್ಟಕ್ಕಷ್ಟೇ. ಕಲ್ಲಿನ ಹಿಡಿತ ತಪ್ಪಿದರೆ ತಳದಲ್ಲೇ ಉರುಳಿಕೊಂಡು ಹೋಗುತ್ತವೆ, ಮೀನು ಕಾಯುವುದೂ ಅಲ್ಲೇ. ಟಂಗ್‌ಸ್ಟನ್ ಎಂಬ ಭಾರದ ಲೋಹದ ಮಣಿ ಇರುವ ಕಾಫಿ ಬಣ್ಣದ ಫ್ಲೈ ಜೋರು ಸೆಳವಿನಲ್ಲೂ ಸರ್ರನೆ ತಳ ಮುಟ್ಟಿತು. ಗಾಳದ ಲೈನ್ ಎಳೆಯಬಾರದು, ನೀರಿನ ವೇಗಕ್ಕೇ ಬಿಡಬೇಕು. ಬಂಡೆಯ ಹಿಂದೆ ಲೈನ್ ಒಂಚೂರು ತಡೆದಂತಾಯಿತು. ರಾಡ್ ಎತ್ತಿದೆ. ಕೆಂಪು ಚುಕ್ಕೆಯ ಬ್ರೌನ್ ಟ್ರೌಟ್! ಕೈ ಒದ್ದೆ ಮಾಡಿಕೊಂಡು ಹಿಡಿದು, ಬಿಡಿಸಿ, ವಾಪಸ್ ನೀರಿಗೆ ಬಿಟ್ಟೆ. ಆ ಖುಷಿಯೇ ಬೇರೆ.

ಹಳದಿ ಫ್ಲೈಗಳಿಗೆ ಮಣಿಯೇ ಇಲ್ಲ. ಸುಮ್ನೆ ನಡುನೀರಿನಲ್ಲಿ ಹೋಗುತ್ತವೆ, ಆ ಸೆಳವಿಗೆ ಪ್ರಯೋಜನವಿಲ್ಲ. ಇನ್ನೊಂದು ದೂರು ಇದಕ್ಕಿಂತ ಜಾಸ್ತಿ ಬೇಸರದ್ದು. ತಲೆಯ ಹತ್ತಿರ ಸುತ್ತಿದ ದಾರಕ್ಕೆ ಅಂಟು ಸರಿಯಾಗಿ ಹಾಕಿಲ್ಲ. ನಾಲ್ಕಾರು ಮೀನು ಕಚ್ಚಿದ ಮೇಲೆ ದಾರ ಬಿಚ್ಚಿಕೊಂಡು ಒಂದು ಕಾಲೇ ಹೋಯಿತು. ಒಂದು ಫ್ಲೈಗೆ 150 ರೂಪಾಯಿ ಕೊಟ್ಟ ಮೇಲೆ ಒಂದು ಹನಿ ಅಂಟು ಕೇಳುವುದು ತಪ್ಪಲ್ಲ ಅಲ್ವಾ? ಮಾರಿದವರಿಗೆ ಫೋಟೋ ಸಮೇತ ಬರೆದೆ, ಉತ್ತರ ಬಂದಿಲ್ಲ. ಉಳಿದವುಗಳಿಗೆ ನಾನೇ ಮನೆಯಲ್ಲಿ ಅಂಟು ಹಾಕಿದೆ, ಈಗ ಗಟ್ಟಿಯಾಗಿವೆ.

ಪೂರ್ತಿ ಡಬ್ಬಿ ಬೇಡ. ಮಣಿ ಇರುವ ಕಾಫಿ ಬಣ್ಣದ್ದನ್ನು ಬಿಡಿಯಾಗಿ ತೆಗೆದುಕೊಳ್ಳಿ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡಿ, ಮೀನಿಗೆ ಗಾಯ ಕಡಿಮೆ. ತೀರ್ಥನ್‌ಗೆ ಹೋಗುವವರು ಅಲ್ಲಿನ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಮಾಡಿಸಿಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಟ್ರೌಟ್ ಮೊಟ್ಟೆ ಇಡುವ ಕಾಲ, ಆಗ ಹಿಡಿಯುವ ಹಾಗಿಲ್ಲ.